ಕುದ್ರುವಿಗೆ ತಲುಪದ ಕಾನೂನು

2025ರ ನವೆಂಬರಿನಲ್ಲಿ ಕುರಸಾವೊ ಎಂಬ ಪುಟ್ಟ ದ್ವೀಪವು 2026ರ ವಿಶ್ವಕಪ್ ಫುಟ್‌ಬಾಲಿಗೆ ಅರ್ಹತೆ ಪಡೆದಾಗ, ಕೊಲ್ಲಿ ರಾಷ್ಟ್ರವೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಈ ಊರ್ ಎಲ್ಲಿತ್ ಮಾಷ್ಟ್ರೇ?" ಎಂದು ಕೇಳಿದ. ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾದ ಕರಾವಳಿಗೆ ಸಮೀಪದಲ್ಲಿದೆ ಎಂದೆ. ವಿಸ್ತಾರ 444 ಚದರ ಕಿಲೋಮೀಟರು, ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ದೇಶವೆಂದು ಕರೆಯಿಸಿಕೊಂಡರೂ ಅದು ನೆದರ್ಲೆಂಡ್ಸ್ ರಾಜಸತ್ತೆಗೆ ಒಳಪಟ್ಟ, 2010ರ ಅಕ್ಟೋಬರ್ 10ರಿಂದ ಸ್ವಯಮಾಡಳಿತವಿರುವ ಪ್ರದೇಶ. ಇಷ್ಟಕ್ಕೆ ಅವನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಏಕೆಂದರೆ ಆ ದ್ವೀಪದ ಚರಿತ್ರೆಯನ್ನು ಓದುತ್ತ ಹೋದಂತೆ ನಮ್ಮ ಕುದ್ರುಗಳೇ ಕಣ್ಣ ಮುಂದೆ ಬರತೊಡಗಿದವು.

ಹೊರಗಿನ ಓದುಗರಿಗಾಗಿ ಒಂದು ಮಾತು. ನದಿಯ ನಡುವಿನ ದ್ವೀಪಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಸೌಪರ್ಣಿಕೆ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರ ಮತ್ತು ಗಂಗೊಳ್ಳಿಗಳ ನಡುವೆ ಕೂಡಿ ಪಂಚಗಂಗಾವಳಿಯಾಗಿ ಸಮುದ್ರವನ್ನು ಸೇರುತ್ತವೆ. ಆ ನೀರಿನ ಹರಹಿನಲ್ಲಿ ಉಪ್ಪಿನಕುದ್ರು, ಹಟ್ಟಿಕುದ್ರು, ಬಬ್ಬುಕುದ್ರು ಮುಂತಾದವು ತೆಂಗಿನ ತಲೆಗಳನ್ನೆತ್ತಿಕೊಂಡು ನಿಂತಿವೆ. ವಾರಾಹಿಯಲ್ಲಿ ತುಸು ಮೇಲೆ ಹೋದರೆ ಬಸ್ರೂರು. ವಿಜಯನಗರದ ಕಾಲದಲ್ಲಿ, ಈಗಿನ ಬ್ರಹ್ಮಾವರ ತಾಲೂಕಿನ ಬಾರಕೂರು ರಾಜ್ಯಾಡಳಿತದ ಕೇಂದ್ರವಾಗಿದ್ದರೆ, ಬಸ್ರೂರು ಸೆಟ್ಟಿಗಳ ಊರು, ದೊಡ್ಡ ಬಂದರು. ಮೂಡುಕೇರಿ, ಪಡುಕೇರಿ ಎಂಬ ಹೆಸರುಗಳು ಅಲ್ಲಿ ಈಗಲೂ ಬಳಕೆಯಲ್ಲಿವೆ.

ಪರಂಗಿಯವರ ಹಡಗುಗಳು ಎರಡೂ ಕಡೆಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವು. ವಾಸ್ಕೋ ಡ ಗಾಮ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು 1498ರಲ್ಲಿ. ಮರುವರ್ಷವೇ ಸ್ಪೇನಿನ ಓಹೇದ ಕುರಸಾವೊ ತಲುಪಿದ. ಅಲ್ಲಿ ಚಿನ್ನ ಸಿಗಲಿಲ್ಲ. ಸ್ಪೇನಿನವರು ಅದನ್ನು 'ನಿರುಪಯುಕ್ತ ದ್ವೀಪ'ವೆಂದು ಬರೆದಿಟ್ಟು, 1515ರಲ್ಲಿ ಅಲ್ಲಿನ ಮೂಲನಿವಾಸಿಗಳಲ್ಲಿ ಬಹುಪಾಲು ಜನರನ್ನು ಗುಲಾಮರನ್ನಾಗಿ ಬೇರೊಂದು ದ್ವೀಪಕ್ಕೆ ಸಾಗಿಸಿದರು. ಭೂಮಿ ನಿರುಪಯುಕ್ತ, ಮನುಷ್ಯರು ಮಾತ್ರ ಉಪಯುಕ್ತ! 1634ರಲ್ಲಿ ಡಚ್ಚರು ದ್ವೀಪವನ್ನು ವಶಪಡಿಸಿಕೊಂಡರು. ಮುಂದೆ ಅದು ಆಫ್ರಿಕಾದಿಂದ ತಂದವರನ್ನು ಮಾರುವ ದೊಡ್ಡ ಸಂತೆಯಾಯಿತು.

ನಮ್ಮ ಕಡೆ ಹಾಗಾಗಲಿಲ್ಲ. ಇಲ್ಲಿ ಅಕ್ಕಿ ಇತ್ತು, ಅದನ್ನು ಬೆಳೆಯುವ ತುಂಬು ಜನವಸತಿಯಿತ್ತು, ಹಿಂದೆ ಘಟ್ಟದ ಮೇಲೆ ಸೈನ್ಯವಿದ್ದ ಅರಸೊತ್ತಿಗೆಯಿತ್ತು. ಗೋವೆಯ ಪೋರ್ಚುಗೀಸರ ಊಟವೇ ಕೆನರಾದ ಅಕ್ಕಿಯನ್ನು ನೆಚ್ಚಿಕೊಂಡಿತ್ತು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದ ಅತೈದೆ ಬಸ್ರೂರನ್ನು ಗೆದ್ದ. 1630ರ ಸುಮಾರಿಗೆ ಗಂಗೊಳ್ಳಿಯಲ್ಲೂ ಪೋರ್ಚುಗೀಸರ ಕೋಟೆ ಎದ್ದಿತು. ಆದರೆ 1650ರ ದಶಕದ ಮೊದಲ ಭಾಗದಲ್ಲಿ ಕೆಳದಿಯ ಶಿವಪ್ಪನಾಯಕ ಹೊನ್ನಾವರದಿಂದ ಮಂಗಳೂರಿನವರೆಗಿನ ಅವರ ಕೋಟೆಗಳನ್ನು ಕಿತ್ತುಕೊಂಡ. ಆಮೇಲೂ ಅವರು ವ್ಯಾಪಾರಕ್ಕೆ ಬಂದರು, ಡಚ್ಚರೂ ಬಂದರು. 1665ರ ಫೆಬ್ರವರಿಯಲ್ಲಿ ಶಿವಾಜಿಯೇ ಹಡಗುಗಳಲ್ಲಿ ಬಂದು ಬಸ್ರೂರನ್ನು ಸೂರೆ ಮಾಡಿಹೋದ. ಕುದ್ರುಗಳ ಗದ್ದೆಗಳಲ್ಲಿ ಮಾತ್ರ ಕನ್ನಡದ ಉಳುವವನೇ ಉಳಿದ.

ಇನ್ನೊಂದು ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪೋರ್ಚುಗಲ್ಲಿನ ಧರ್ಮವಿಚಾರಣೆಯ ಕಾಟ ತಾಳಲಾರದೆ ಹೊರಟ ಯಹೂದಿ ಮನೆತನಗಳವರು ಹಾಲೆಂಡಿನ ಮೂಲಕ ಕುರಸಾವೊ ಸೇರಿದರು. 1732ರ ಅವರ ಪ್ರಾರ್ಥನಾಮಂದಿರದ ನೆಲಕ್ಕೆ ಇಂದಿಗೂ ಮರಳು ಹಾಸಲಾಗುತ್ತದೆ. ಅದೇ ಪೋರ್ಚುಗೀಸರ ಗೋವೆಯನ್ನು ಬಿಟ್ಟು ತೆಂಕಣಕ್ಕೆ ಬಂದ ಕೊಂಕಣಿಗರು ನಮ್ಮ ಹೊಳೆಗಳ ದಂಡೆಯಲ್ಲಿ ನೆಲೆಸಿದರು. ಉಪ್ಪಿನಕುದ್ರುವಿನ ಕಾಮತ ಮನೆತನ ಮನೆಯಲ್ಲಿ ಕೊಂಕಣಿಯಾಡುತ್ತ, ಬಡಗುತಿಟ್ಟಿನ ಯಕ್ಷಗಾನವನ್ನು ಸೂತ್ರದ ಗೊಂಬೆಗಳಲ್ಲಿ ಕನ್ನಡದಲ್ಲಿ ಆಡಿಸಿತು. ಕೊಗ್ಗ ಕಾಮತರು ಅದನ್ನು ವಿದೇಶಗಳವರೆಗೆ ಒಯ್ದರು. ಮತ್ತೆ, ನಾವು ದಿನವೂ ಸಾರಿಗೆ ಹಾಕುವ ಬಟಾಟೆ! ಆ ಶಬ್ದವೇ ಕೆರಿಬಿಯನ್ ದ್ವೀಪಗಳ ತೈನೊ ಎಂಬ ಮೂಲನಿವಾಸಿಗಳದು. ಅವರ ಗೆಣಸಿನ ಹೆಸರು ಪೋರ್ಚುಗೀಸರ ಬಾಯಲ್ಲಿ ದಾಟಿ ಬಂದು ನಮ್ಮ ಅಡಿಗೆಮನೆಯಲ್ಲಿ ನಿಂತಿದೆ.

ಇಷ್ಟರವರೆಗೆ ಓದಿದವರಿಗೆ, ಅಲ್ಲಿ ಗುಲಾಮಗಿರಿ, ಇಲ್ಲಿ ಸ್ವಾಭಿಮಾನ ಎಂಬ ಭಾವನೆ ಬಂದಿರಬಹುದು. ಸಮಾರಂಭಗಳ ವೇದಿಕೆಯಲ್ಲಿ ಅಂಥ ಭಾಷಣಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಆದರೆ ಉಳುವವನ ಗದ್ದೆಯಲ್ಲಿ ಕೆಸರಿಗಿಳಿದು ದುಡಿದವರು ಯಾರು? 1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿದ ಮೇಲೆ, 1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ದಾರಿಯಾಗಿ ಪ್ರಯಾಣ ಮಾಡಿದ. ಬೆಳೆ, ಗೇಣಿ, ಅಳತೆಗಳನ್ನು ಬರೆದುಕೊಂಡಂತೆಯೇ, ಒಡೆಯನಿಗೆ ಸೇರಿದ ಆಳುಗಳನ್ನೂ, ಅವರಿಗೆ ಕೊಡುವ ದಿನದ ಪಡಿಯನ್ನೂ ಬರೆದುಕೊಂಡ. ಅವನು ಬಳಸಿದ ಶಬ್ದ ಗುಲಾಮರು ಎಂದೇ. ನಮ್ಮವರು 'ಮೂಲದವರು' ಎಂದು ಮೆತ್ತಗೆ ಹೇಳುತ್ತಿದ್ದರು. ಹಡಗಿನಲ್ಲಿ ತುಂಬಿ ತಂದವರಲ್ಲ ಇವರು. ಈ ಮಣ್ಣಿನಲ್ಲಿಯೇ ಹುಟ್ಟಿ, ಹುಟ್ಟಿದ ಜಾತಿಯಿಂದಲೇ ಒಡೆಯನಿಗೆ ಸೇರಿದವರು.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆ ಮಾಡಿತು. 1834ರ ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. ಜಮೈಕಾ, ಬಾರ್ಬಡೋಸ್‌ಗಳಲ್ಲಿ ಉಮೇದುವಾರಿಕೆ ಎಂಬ ನೆವದಲ್ಲಿ ಇನ್ನೂ ನಾಲ್ಕು ವರ್ಷ ದುಡಿಸಿಕೊಂಡರೂ, 1838ರಲ್ಲಿ ಬಿಡುಗಡೆ ಪೂರ್ಣವಾಯಿತು. ಒಡೆಯರಿಗೆ ಎರಡು ಕೋಟಿ ಪೌಂಡು ಪರಿಹಾರ, ಬಿಡುಗಡೆಯಾದವರಿಗೆ ಬಿಡಿಗಾಸಿಲ್ಲ. ಈ ಕಾಯಿದೆಯ ಕೊನೆಯ ಭಾಗದಲ್ಲಿ ಒಂದು ಪುಟ್ಟ ಕಲಮು ಇದೆ: ಈಸ್ಟ್ ಇಂಡಿಯಾ ಕಂಪೆನಿಯ ವಶದಲ್ಲಿರುವ ಪ್ರದೇಶಗಳಿಗೆ, ಸಿಲೋನಿಗೆ, ಸೇಂಟ್ ಹೆಲೆನಾ ದ್ವೀಪಕ್ಕೆ ಇದು ಅನ್ವಯಿಸತಕ್ಕದ್ದಲ್ಲ. ಅಂದರೆ ಬಾರ್ಬಡೋಸಿನ ಕಬ್ಬಿನ ತೋಟಕ್ಕೆ ತಲುಪಿದ ಕಾನೂನು ಕುಂದಾಪುರದ ಕುದ್ರುವಿಗೆ ತಲುಪಲಿಲ್ಲ. ಪಠ್ಯಪುಸ್ತಕಗಳಲ್ಲಿ ವಿಲ್ಬರ್‌ಫೋರ್ಸ್ ಇರುತ್ತಾನೆ; ಈ ಕಲಮು ಇರುವುದಿಲ್ಲ.

ಕಂಪೆನಿಗೆ ಇದ್ದ ಅಂಜಿಕೆ ಸರಳವಾದದ್ದು. ತೀರುವೆ ಕಟ್ಟುವವನು ಒಡೆಯ, ಒಡೆಯನ ಗದ್ದೆ ನಡೆಯುವುದು ಆಳಿನಿಂದ. ಆಳು ಎದ್ದುಹೋದರೆ ತೀರುವೆ ಎಲ್ಲಿಂದ? 1843ರ ಐದನೆಯ ಕಾಯಿದೆ ಬಂದಾಗಲೂ ಅದು ಹೇಳಿದ್ದಿಷ್ಟೇ: ಗುಲಾಮನ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಮಾನ್ಯಮಾಡುವುದಿಲ್ಲ. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು ಭಾರತೀಯ ದಂಡಸಂಹಿತೆ ಜಾರಿಗೆ ಬಂದ 1862ರಲ್ಲಿ. ಮರುವರ್ಷ, 1863ರ ಜುಲೈ 1ರಂದು, ಕುರಸಾವೊದ ಗುಲಾಮರು ಬಿಡುಗಡೆ ಹೊಂದಿದರು. ಅಲ್ಲಿಯೂ ತಲೆಗೆ 200 ಗಿಲ್ಡರಿನಂತೆ ಪರಿಹಾರ ಪಡೆದವರು ಒಡೆಯರೇ.

ಕಾಗದದ ಮೇಲಿನ ಬಿಡುಗಡೆ ಗದ್ದೆಗೆ ಇಳಿಯುವುದು ನಿಧಾನ. ಕೋಟದ ಶಿವರಾಮ ಕಾರಂತರು 1930ರ ದಶಕದಲ್ಲಿ 'ಚೋಮನ ದುಡಿ' ಬರೆದಾಗ, ಸ್ವಂತ ಬೇಸಾಯವೆಂಬುದು ಚೋಮನಿಗೆ ಕೈಗೆಟುಕದ ಆಸೆಯೇ ಆಗಿತ್ತು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ನಮ್ಮ ಜಿಲ್ಲೆಯ ಮುಖವನ್ನೇ ಬದಲಿಸಿತು, ಅದರಲ್ಲಿ ಸಂಶಯವಿಲ್ಲ. ಡಿಕ್ಲರೇಷನ್ ಕೊಟ್ಟ ಗೇಣಿದಾರ ಒಡೆಯನಾದ. ಆದರೆ ಗೇಣಿಚೀಟಿಯೂ ಇಲ್ಲದ ಆಳಿಗೆ ಡಿಕ್ಲರೇಷನ್ ಕೊಡಲು ಇದ್ದದ್ದೇನು? ಡಿ.ಸಿ. ಮನ್ನಾ ಎಂದು ಹಿಂದೆ ದಲಿತರಿಗಾಗಿಯೇ ತೆಗೆದಿರಿಸಿದ ಜಾಗವನ್ನು ಅವರಿಗೇ ಹಂಚಿರೆಂದು ಕೇಳುತ್ತ ಬರಬೇಕಾಯಿತು.

ಕುರಸಾವೊದಲ್ಲಿ 'ತಂಬು' ಎಂಬ ಒಂದು ವಾದ್ಯವಿದೆ, ಆಫ್ರಿಕಾದ ನೆನಪನ್ನು ಹೊತ್ತ ಚರ್ಮವಾದ್ಯ. ಗುಲಾಮರು ಅದರ ಸುತ್ತ ಸೇರಿ ಹಾಡಿನಲ್ಲಿಯೇ ಒಡೆಯನನ್ನು ಹಂಗಿಸುತ್ತಿದ್ದುದರಿಂದ, ಸರ್ಕಾರವೂ ಚರ್ಚೂ ಅದನ್ನು ಬಹುಕಾಲ ನಿರ್ಬಂಧಿಸಿದವು. ನಮ್ಮಲ್ಲಿ ತಿರುಗುಮುರುಗು: ಕೊರಗರು ಡೋಲು ಬಡಿಯಲೇಬೇಕಾಗಿತ್ತು. ಅನ್ಯರ ಉತ್ಸವ, ಕಂಬಳಗಳಲ್ಲಿ ಕರೆದಾಗ ಬಂದು ಬಡಿಯುವುದು ಅವರ ಇಷ್ಟವಲ್ಲ, ಕಟ್ಟುಪಾಡು. ಅದರ ಜೊತೆಗೆ ಬರೆಯಲು ಕೈ ಹಿಂಜರಿಯುವಂಥ ಅವಮಾನಗಳೂ ಇದ್ದವು. ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆಯ ವರ್ಷ 2000. ಹಿಂದೆ ಹೇಳಿದ 1834ಕ್ಕೆ ಇದನ್ನು ಹೋಲಿಸಿ, ಎಷ್ಟು ವರ್ಷವಾಯಿತೆಂದು ನೀವೇ ಕಳೆಯಿರಿ. ಲೆಕ್ಕ ಕಲಿಸಿದ್ದು ನಾನಲ್ಲವಾದರೂ ಕೇಳುವ ಅಧಿಕಾರವಿದೆ.

2022ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಪ್ರಧಾನಿ, 2023ರ ಜುಲೈ 1ರಂದು ಅಲ್ಲಿನ ದೊರೆ, ಗುಲಾಮಗಿರಿಗಾಗಿ ಕ್ಷಮೆ ಕೇಳಿದರು. 1795ರಲ್ಲಿ ದಂಗೆಯೆದ್ದು ಮರಣದಂಡನೆಗೆ ಗುರಿಯಾದ ತುಲಾ ಎಂಬ ಗುಲಾಮನಿಗೆ ಅದೇ ವರ್ಷ ಗೌರವವನ್ನೂ ಮರಳಿ ಕೊಟ್ಟರು. ಅಲ್ಲಿ ಕ್ಷಮೆ ಕೇಳಲು ಒಬ್ಬ ದೊರೆಯಿದ್ದ. ನಮ್ಮಲ್ಲಿ ಒಡೆಯರೂ ಆಳುಗಳೂ ಒಂದೇ ಊರಿನವರು, ಒಂದೇ ಶಾಲೆಯ ಹಾಜರಿಪುಸ್ತಕದಲ್ಲಿ ಹೆಸರಿದ್ದವರು. ಯಾರು ಯಾರನ್ನು ಕೇಳಬೇಕು?

ತುಲಾನ ದಂಗೆ ಆರಂಭವಾದದ್ದು ಆಗಸ್ಟ್ 17ರಂದು. ಕುರಸಾವೊದಲ್ಲಿ ಆ ದಿನವನ್ನು ಪ್ರತಿವರ್ಷ ಆಚರಿಸುತ್ತಾರೆ. ನಮ್ಮ ಕೊರಗರು ಭೂಮಿಯ ಹಕ್ಕಿಗಾಗಿ ನಡೆಸಿದ ಹೋರಾಟದ ನೆನಪಿಗೆ 'ಭೂಮಿ ಹಬ್ಬ' ಮಾಡುವುದು ಆಗಸ್ಟ್ 18ರಂದು. ಅಂದು ಅವರು ಡೋಲು ಬಡಿಯುತ್ತಾರೆ, ತಮಗಾಗಿ.