ಹದಿನೈದು ದಿನದ ಅತಿಥಿ ಫೋನು

ಮುಂಬಯಿಯಲ್ಲಿ ಮನೆ ಬದಲಾಯಿಸುವ ಕಷ್ಟವನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಎಷ್ಟು ಹೊತ್ತು ಬರುತ್ತದೆ, ಸ್ಟೇಶನ್ ಎಷ್ಟು ದೂರ ಎಂದು ಹತ್ತು ಸಲ ವಿಚಾರಿಸಿಯೇ ಡಿಪಾಜಿಟ್ ಕೊಡುತ್ತೇವೆ. ದಿನವಿಡೀ ಕೈಯಲ್ಲಿರುವ ಫೋನನ್ನು ಮಾತ್ರ ಅಂಗಡಿಯಲ್ಲಿ ಐದು ನಿಮಿಷ ತಿರುಗಿಸಿ ನೋಡಿ ಕೊಂಡುಬಿಡುತ್ತೇವೆ.

ನಾವು ಹತ್ತು ವರ್ಷಗಳಿಂದ ಆಂಡ್ರಾಯ್ಡ್ ಪಕ್ಷದವರು. ನಮ್ಮ ಭಾವಮೈದುನ ಐಫೋನ್ ಪಕ್ಷದವನು. ಹೊಸದನ್ನು ಕೊಂಡಾಗ ತನ್ನ ಐಫೋನ್ 13ನ್ನು ನಮಗೆ ಅಗ್ಗಕ್ಕೆ ಕೊಡಲು ಮುಂದೆ ಬಂದ. ಕೇಂದ್ರ ಸರಕಾರದ ಗುಮಾಸ್ತರಾದ ನಾವು ಕಡತ ಓದದೆ ಟಿಪ್ಪಣಿ ಬರೆಯುವವರಲ್ಲ. ಬಿ.ಎಸ್‌ಸಿ. ಓದುವಾಗ ಅಂಟಿದ ಪ್ರಯೋಗದ ಚಾಳಿಯೂ ಬಿಟ್ಟಿಲ್ಲ. ಹದಿನೈದು ದಿನ ಬಳಸಿ ನೋಡಿಯೇ ಹೇಳುತ್ತೇವೆಂದೆವು.

ಅದಕ್ಕಾಗಿ ಹಳೆಯದನ್ನು ಬಿಡಬೇಕಾಗಿರಲಿಲ್ಲ. 2023ರಿಂದ ಒಂದೇ ವಾಟ್ಸ್‌ಆ್ಯಪ್ ಖಾತೆಯನ್ನು ಎರಡನೆಯ ಫೋನಿಗೂ ಜೋಡಿಸಬಹುದು. ಸಿಮ್ ಅತಿಥಿಯೊಳಗೆ ಹೋಯಿತು, ಹಳೆಯದು ಮನೆಯ ವೈ-ಫೈ ಆಶ್ರಯದಲ್ಲಿ ಉಳಿಯಿತು.

ಮೊದಲ ಮೂರು ದಿನ ನಮ್ಮ ಹೆಬ್ಬೆರಳು ಅನಾಥವಾಯಿತು. ಹಿಂದಕ್ಕೆ ಹೋಗಲು ಕೆಳಗಿನ ಗುಂಡಿಯೇ ಇಲ್ಲ. ಪರದೆಯ ಎಡ ಅಂಚಿನಿಂದ ಸವರಬೇಕು. ಮನೆಯಲ್ಲಿದ್ದ ನಾಲ್ಕು ಟೈಪ್-ಸಿ ಚಾರ್ಜರ್ ವಯರುಗಳೂ ಕೆಲಸಕ್ಕೆ ಬರಲಿಲ್ಲ. ಐಫೋನಿಗೆ ಆ ಕಿಂಡಿ ಬಂದದ್ದು 2023ರ 15ನೆಯ ಮಾದರಿಯಿಂದ. "ಏನ್ರೀ, ಅತಿಥಿಗೆ ಬೇರೆ ಅಡಿಗೆಯೇ ಆಗಬೇಕೇನು?" ಎಂದು ನಮ್ಮಾಕೆ ನಕ್ಕಳು.

ಕನ್ನಡದ ಬಗ್ಗೆ ಮಾತ್ರ ನಮ್ಮ ಸಂಶಯ ಪರಿಹಾರವಾಯಿತು. ಐಫೋನಿನಲ್ಲಿ ಕನ್ನಡದ ಕೀಲಿಮಣೆ 2017ರಲ್ಲೇ ಬಂದಿತ್ತು; 2025ರಿಂದ ಅದರ ಸೂಚನೆಗಳೂ ಕನ್ನಡದಲ್ಲಿ ಸಿಗುತ್ತವೆ. ಒತ್ತಕ್ಷರಗಳು ಸರಿಯಾಗಿ ಮೂಡಿದವು. ಡೊಂಬಿವಲಿಯ ಲೋಕಲ್‌ನಲ್ಲಿ ನಿಂತುಕೊಂಡೇ ಹುಬ್ಬಳ್ಳಿಯ ಅವ್ವನಿಗೆ ನಾಲ್ಕು ಸಾಲು ಬರೆದೆವು.

ಆ ಕಡೆಯಿಂದ ಧ್ವನಿ ಬಂತು: "ಹೊಸಾ ಫೋನ್ ಆತಂದ್ರ ನಿಮ್ಮಪ್ಪನ ಮಾತು ಅದರಾಗ ಬರ್ತಾವೇನೋ?"

ಅಪ್ಪ ತೀರಿಕೊಂಡದ್ದು 2021ರಲ್ಲಿ. ಅವರು ಕಳಿಸಿದ ಧ್ವನಿಸಂದೇಶಗಳಲ್ಲಿ ಘನವಾದದ್ದೇನೂ ಇಲ್ಲ. ಜೋಳದ ಹಿಟ್ಟು ಮುಟ್ಟಿತೇ, ಮಳೆ ಹೇಗಿದೆ, ಮೊಮ್ಮಗಳ ಪರೀಕ್ಷೆ ಯಾವಾಗ, ಇಷ್ಟೇ. ಹುಡುಕಿದೆವು. ಜೋಡಿಸಿದ ಐಫೋನಿಗೆ ಇತ್ತೀಚಿನ ಮಾತುಗಳು ಬಂದಿದ್ದವು, ಅಪ್ಪ ಬಂದಿರಲಿಲ್ಲ.

ಪೂರ್ತಿ ಸ್ಥಳಾಂತರ ಮಾಡಿದರೆ ಹಳೆಯದನ್ನೂ ಸಾಗಿಸುವ ದಾರಿ 2022ರಿಂದ ಇದೆ. ಆದರೆ ಒಂದು ಕಡೆ ಗೂಗಲ್ ಡ್ರೈವಿನಲ್ಲಿಟ್ಟ ವಾಟ್ಸ್‌ಆ್ಯಪ್ ಗಂಟನ್ನು ಇನ್ನೊಂದು ಕಡೆಯ ಐಕ್ಲೌಡ್ ಬಿಚ್ಚಲಾರದು. ಅಪ್ಪನ ಮಾತನ್ನು ಇಂಥ ಎರಡು ಕಂಪನಿಗಳ ನಡುವೆ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಹಳೆಯ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ವಾಟ್ಸ್‌ಆ್ಯಪ್ ಫೋಲ್ಡರಿನಲ್ಲಿದ್ದ ಧ್ವನಿಸಂದೇಶಗಳನ್ನೆಲ್ಲ ನಕಲು ಮಾಡಿದೆವು. ಒಂದೊಂದನ್ನೇ ಕೇಳಿ ಅಪ್ಪನವನ್ನು ಆರಿಸಲು ಎರಡು ರವಿವಾರ ಹಿಡಿಯಿತು. ಈಗ ಅವು ಎರಡು ಪೆನ್‌ಡ್ರೈವ್‌ಗಳಲ್ಲಿವೆ: ಒಂದು ನಮ್ಮ ಕಪಾಟಿನಲ್ಲಿ, ಇನ್ನೊಂದು ಅವ್ವನ ಬಳಿ.

ಅಲ್ಲಿಗೆ ಯಾವ ಫೋನು ಎಂಬ ಪ್ರಶ್ನೆ ಹಗುರವಾಯಿತು. ಅತಿಥಿ ಒಳ್ಳೆಯವನೇ, ಕೆಲಸದಲ್ಲಿ ಚುರುಕು. ಆದರೆ ನಮ್ಮದೂ ಇನ್ನೆರಡು ವರ್ಷ ನಡೆದೀತು ಎಂದು ಭಾವಮೈದುನನಿಗೆ ಅವನದನ್ನು ಒರೆಸಿ ಒಪ್ಪಿಸಿದೆವು.

ನೀವೂ ಪಕ್ಷಾಂತರ ಮಾಡುವವರಿದ್ದರೆ ಸಂತೋಷವಾಗಿ ಮಾಡಿ. ಕ್ಯಾಮರಾ ನೋಡುವ ಮೊದಲು, ಕಳೆದುಹೋದರೆ ಮತ್ತೆ ಕೊಳ್ಳಲಾಗದ್ದು ಹಳೆಯದರಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ.