ಬೇಲಿಯ ಬದಿಯ ತುಪ್ಪಟ

ತಿಪಟೂರು ಸೀಮೆಯ ಗೃಹಸ್ಥನಿಗೆ ಮಿತವ್ಯಯವನ್ನು ಯಾರೂ ಬೋಧಿಸಬೇಕಾಗಿಲ್ಲ; ತೆಂಗಿನ ಮರವೇ ಅದನ್ನು ಅವನಿಗೆ ಕಲಿಸಿದೆ. ಕಾಯಿ ಅಟ್ಟವೇರಿ, ತಿಂಗಳುಗಟ್ಟಲೆ ತಪಸ್ಸು ಮಾಡಿ, ಉಂಡೆಕೊಬ್ಬರಿಯಾಗಿ ಕೆಳಗಿಳಿಯುತ್ತದೆ. ಮಟ್ಟೆ ನಾರಾಗಿ ಹಗ್ಗವಾಗುತ್ತದೆ, ಚಿಪ್ಪು ಇದ್ದಿಲಾಗುತ್ತದೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಯಾವುದಕ್ಕೂ ಒದಗದ್ದಕ್ಕೆ ಬಚ್ಚಲ ಒಲೆಯಂತೂ ಇದ್ದೇ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿ ಕಸವೆಂಬ ಮಾತಿಗೆ ಅರ್ಥವೇ ಇಲ್ಲವೆಂದರೂ ಸಲ್ಲುತ್ತದೆ. ಇಂತಹ ನಾಡಿನಲ್ಲಿಯೂ ಒಂದು ಪದಾರ್ಥವು ಬೇಲಿಯ ಬದಿಯಲ್ಲಿ ಬಿದ್ದು ಮಳೆಗೆ ನೆನೆಯುವುದುಂಟೆಂದರೆ ಆಶ್ಚರ್ಯವಲ್ಲವೆ? ಅದು ಕುರಿಯ ತುಪ್ಪಟ.

ಕುರಿಗೂ ತೆಂಗಿಗೂ ಇರುವ ನೆಂಟಸ್ತನ ಹಳೆಯದು. ಕೊಯ್ಲು ಮುಗಿದ ಮೇಲೆ ಮಂದೆಗಳು ಬಯಲಿನಿಂದ ತೋಟಕ್ಕೆ ಬರುತ್ತವೆ. ರಾತ್ರಿಯೆಲ್ಲ ಮರಗಳ ನಡುವೆ ಅವುಗಳನ್ನು ತರುಬಿದರೆ, ಬೆಳಗಾಗುವಷ್ಟರಲ್ಲಿ ನೆಲಕ್ಕೆ ಹಿಕ್ಕೆಯೂ ಗಂಜಲವೂ ದೊರೆಯುತ್ತವೆ. ಇದಕ್ಕೆ ಪ್ರತಿಯಾಗಿ ತೋಟದ ಯಜಮಾನ ಹಿಂದೆ ಧಾನ್ಯವನ್ನು ಅಳೆಯುತ್ತಿದ್ದ. ಇಂದು ಹಣವನ್ನು ಎಣಿಸುತ್ತಾನೆ. ಗೊಬ್ಬರಕ್ಕೆ ಬೆಲೆಯಿದೆ, ಮಾಂಸಕ್ಕೆ ಬೆಲೆಯಿದೆ. ಬೆಲೆ ಕಳೆದುಕೊಂಡದ್ದು ಮೈಮೇಲಿನ ಉಣ್ಣೆಯೊಂದೇ. ಆದರೂ ಅದನ್ನು ಕತ್ತರಿಸದೆ ವಿಧಿಯಿಲ್ಲ; ಬಿಸಿಲಿನಲ್ಲಿ ಕುರಿ ಬಳಲುತ್ತದೆ. ಕತ್ತರಿಸುವ ಕೂಲಿಯೂ ಹುಟ್ಟದ ಮೇಲೆ ಅದನ್ನು ಹೊತ್ತು ಸಂತೆಗೆ ಹೋಗುವವರು ಯಾರು?

ಒಂದು ಕಾಲದಲ್ಲಿ ಈ ತುಪ್ಪಟವೇ ಕರಿಯ ಕಂಬಳಿಯಾಗಿ ಮನೆಮನೆಯನ್ನೂ ಆಳುತ್ತಿತ್ತು. ಎಕ್ಕಿದ ಉಣ್ಣೆಯನ್ನು ಹೆಂಗಸರು ನೂಲುತ್ತಿದ್ದರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಹಚ್ಚಿ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಮಳೆ ಬಂದರೆ ಅದು ಕೊಪ್ಪೆ, ಚಳಿಗೆ ಹೊದಿಕೆ, ನೆಂಟರಿಗೆ ಹಾಸು, ದೇವರಿಗೆ ಗದ್ದುಗೆ. ಮೈಲಾರಲಿಂಗನ ಗೊರವಯ್ಯನಿಗಂತೂ ಅದೇ ದೀಕ್ಷೆಯ ಉಡುಪು.

ಕಂಬಳಿ ಚುಚ್ಚುತ್ತದೆಂದು ನಗರದವರು ಮೂಗು ಮುರಿಯುವುದುಂಟು. ಚುಚ್ಚುವುದು ನಿಜ, ದಖ್ಖನಿ ಕುರಿಯ ಉಣ್ಣೆ ಒರಟು. ಆದರೆ ಗುಣದಲ್ಲಿ ಅದು ಯಾವ ಉಣ್ಣೆಗೂ ಕಡಮೆಯಲ್ಲ. ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆಯು ಮೈಗೆ ಒದ್ದೆಯೆನಿಸುವುದಿಲ್ಲ. ಬೇಗನೆ ಉರಿ ಹತ್ತುವುದಿಲ್ಲ. ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂತಹ ಸೂಕ್ಷ್ಮ ಪದರಗಳಿರುತ್ತವೆ. ತೇವ, ಬಿಸಿ, ಉಜ್ಜಾಟಗಳು ಕೂಡಿದಾಗ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬಳಸಿದಷ್ಟೂ ಕಂಬಳಿ ಒತ್ತಾಗುವುದು ಇದರಿಂದಲೇ. ಇದೇ ಗುಣವನ್ನು ನಂಬಿ, ಮಗ್ಗವೇ ಇಲ್ಲದೆ, ಉಣ್ಣೆಯನ್ನು ನೆನೆಸಿ, ಸುತ್ತಿ, ತುಳಿದು ಹಾಸುಗಳನ್ನು ಮಾಡುವವರೂ ಇದ್ದಾರೆ. ಕಾಶ್ಮೀರದ ನಮದಾ ಅಂತಹದು. ಕಿರ್ಗಿಜ್ ಜನರ ಇಂತಹ ಚಿತ್ತಾರದ ಹಾಸುಗಳ ಕಲೆಯನ್ನು 2012ರಲ್ಲಿ ಯುನೆಸ್ಕೊ, ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಲ್ಲಿಯೂ ಕುರಿಗಳಿಗೆ ಬರವಿಲ್ಲ, ಕೈಗಳಿಗೆ ಬರ.

ನಮ್ಮ ಕಂಬಳಿಯನ್ನು ಸೋಲಿಸಿದ್ದು ಗಿರಣಿಯ ಅಗ್ಗದ ರಗ್ಗು. ಹೂಬಳ್ಳಿಗಳ ಚಿತ್ರ, ಹತ್ತಿಯಂತಹ ಮೃದುತನ, ಹಗುರವಾದ ಬೆಲೆ: ಒಲ್ಲೆನೆನ್ನುವವರು ಯಾರು? ಆದರೆ ಆ ರಗ್ಗಿನ ಕೃತಕ ನೂಲು ಹುಟ್ಟುವುದು ಕಲ್ಲೆಣ್ಣೆಯಿಂದ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಬೀಳುತ್ತವೆ. ಹರಿದು ಮೂಲೆ ಸೇರಿದ ಮೇಲೂ ಅದು ಮಣ್ಣಾಗಲೊಲ್ಲದು. ಹಳೆಯ ಕಂಬಳಿಯಾದರೋ ಮಣ್ಣಿನಲ್ಲಿ ಮೆಲ್ಲನೆ ಕರಗಿ ಗಿಡಕ್ಕೆ ಸಾರಜನಕವನ್ನು ಕೊಡುತ್ತದೆ. ಸಾಯುವಾಗಲೂ ಸಾಲ ಉಳಿಸದ ಗೃಹಸ್ಥನ ಹಾಗೆ.

ಕಂಬಳಿಯ ಜೊತೆಗೆ ಹುಲ್ಲುಗಾವಲೂ ಕುಗ್ಗುತ್ತಿದೆ. ಈ ತೋಟಗಳ ಉತ್ತರಕ್ಕೆ, ಶಿರಾ ಹಿರಿಯೂರುಗಳನ್ನು ದಾಟಿದರೆ, ಕಂಬಳಿಗೆ ಹೆಸರಾದ ಚಳ್ಳಕೆರೆ. ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುನೆಲವನ್ನು ಈ ಶತಮಾನದಲ್ಲಿ ರಕ್ಷಣೆ, ಅಣುಶಕ್ತಿ, ವಿಜ್ಞಾನಗಳ ಸಂಸ್ಥೆಗಳಿಗೆ ಕೊಡಲಾಯಿತು. ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಸಂಶೋಧನೆ ಬೇಡವೆನ್ನುವವರು ಯಾರೂ ಇಲ್ಲ; ಆದರೆ ಮೇಯುವ ನೆಲ ಮುಗಿದರೆ ತೆಂಗಿನ ಬುಡಕ್ಕೆ ಬರುವ ಮಂದೆ ಎಲ್ಲಿಂದ ಬಂದೀತು? 2026ನೆಯ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ವಿಶ್ವಸಂಸ್ಥೆ ಸಾರಿದೆ. ಸಾರಿದ ಮಾತ್ರಕ್ಕೆ ಹುಲ್ಲು ಮೊಳೆಯುವುದಿಲ್ಲ. ಉಣ್ಣೆಗೆ ಕೊಳ್ಳುವವರು ಬೇಕು.

ಕಂಬಳಿಯನ್ನೇ ಹೊದೆಯಬೇಕೆಂದು ಹಟ ಹಿಡಿಯಬೇಕಾದ್ದಿಲ್ಲ. ಜಗಲಿಯ ಹಾಸು, ಕುರ್ಚಿಯ ದಿಂಬು, ಹೆಗಲ ಚೀಲ, ಗೋಡೆಯ ಚಿತ್ತಾರ: ಒರಟು ಉಣ್ಣೆ ಒಪ್ಪುವ ಸ್ಥಳಗಳು ಮನೆಯಲ್ಲಿ ಎಷ್ಟೋ ಇವೆ. ನಾರಿನ ಒರಟುತನವನ್ನು ಕ್ಷಮಿಸಿ ಬಾಗಿಲ ಬಳಿ ಹಾಸಿದ ಗೃಹಿಣಿ ಉಣ್ಣೆಯದನ್ನೂ ಕ್ಷಮಿಸಿಯಾಳು.

ಇಂದು ತೋಟಕ್ಕೆ ಮಂದೆ ಹೊಡೆದುಕೊಂಡು ಬರುವ ಎಷ್ಟೋ ಕುರಿಗಾಹಿಗಳ ಹೆಗಲ ಮೇಲೆಯೇ ಗಿರಣಿಯ ರಗ್ಗು ಕುಳಿತಿದೆ. ಮುಂದೆ ನೂರಾರು ಕುರಿಗಳು ಕಂಬಳಿಯನ್ನು ಮೈಮೇಲೆ ಹೊತ್ತು ನಡೆಯುತ್ತವೆ. ಹಿಂದೆ ಅವುಗಳ ಒಡೆಯ ಪ್ಲಾಸ್ಟಿಕ್ ಹೊದ್ದು ಬರುತ್ತಾನೆ.