ಚಂದಾದಾರರ ಹಣ, ಬಾನು ಅವರ ಕಥೆ

ಜಾಹೀರಾತನ್ನು ನೆಚ್ಚದ ಪ್ರಕಟಣೆ ಬದುಕುವುದು ಓದುಗರ ಕಾಸಿನಿಂದ. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳದೆ ಪ್ರತಿಗಳ ಮಾರಾಟದ ಮೇಲೆ ನಡೆಯಿತು. ಜಾಹೀರಾತುದಾರರ ಮುಲಾಜಿಲ್ಲದ ಆ ಪುಟಗಳಲ್ಲಿ ಮುಸ್ಲಿಂ ಮಹಿಳೆಯರಿಗೂ ಜಾಗ ಸಿಕ್ಕಿತು. ಕಾಸರಗೋಡು ಮೂಲದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿಯೇ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಸಾರಾ ಮುಂದೆ ಚಂದ್ರಗಿರಿ ಪ್ರಕಾಶನವನ್ನು ತಾವೇ ಕಟ್ಟಿದರು.

ಬಾನು ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬ್ರಿಟನ್ನಿನಲ್ಲಿ ಅದನ್ನು ಹೊರತಂದದ್ದು ದೊಡ್ಡ ಕಂಪನಿಯಲ್ಲ, ‘ಅಂಡ್ ಅದರ್ ಸ್ಟೋರೀಸ್’ ಎಂಬ ಪುಟ್ಟ ಸಂಸ್ಥೆ. ಚಂದಾದಾರರು ಅದಕ್ಕೆ ಮುಂಗಡ ಹಣ ಕಟ್ಟುತ್ತಾರೆ. ಪುಸ್ತಕ ಅಂಗಡಿಗಿಂತ ಮೊದಲೇ ಅವರ ಕೈ ಸೇರುತ್ತದೆ, ಅವರ ಹೆಸರೂ ಅದರೊಳಗೆ ಅಚ್ಚಾಗುತ್ತದೆ. ಬರೆದವರು ಯಾರು, ಯಾವ ಭಾಷೆಯವರು ಎಂಬ ಗೊಡವೆಯಿಲ್ಲದೆ ಹಣ ಕಟ್ಟುವ ಈ ಓದುಗರು ನಿಜಕ್ಕೂ ಧೈರ್ಯವಂತರು.

ಈ ಮುಂಗಡದ ಬೆಲೆ ತಿಳಿಯುವುದು ಪ್ರಕಾಶಕರ ಲೆಕ್ಕ ನೋಡಿದಾಗ. ಕಾಗದ ಮತ್ತು ಮುದ್ರಣದ ಖರ್ಚು ಮೊದಲೇ ಬೀಳುತ್ತದೆ, ಮಾರಾಟದ ಹಣ ತಡವಾಗಿ ಬರುತ್ತದೆ. ಹೆಸರು ಮಾಡಿರದ ಲೇಖಕಿಯ ಪುಸ್ತಕಕ್ಕಂತೂ ಇನ್ನೂ ತಡ. ಆ ನಡುವಿನ ಅಂತರವನ್ನು ಚಂದಾ ತುಂಬುತ್ತದೆ.

ಬೆಂಗಳೂರಿನ ಬೆಳ್ಳಂದೂರಿನ ಐಟಿ ನೌಕರರಿಗೆ ಚಂದಾ ಹೊಸದಲ್ಲ. ಸಿನಿಮಾ, ಹಾಡುಗಳ ಆ್ಯಪ್‌ಗಳಿಗೆ ತಿಂಗಳು ತಿಂಗಳು ಕಟ್ಟುತ್ತಾರೆ. ಕನ್ನಡದ ಎಷ್ಟೋ ಸಣ್ಣ ಪ್ರಕಾಶಕರೂ ಮುಂಗಡ ಕಟ್ಟುವವರಿಗೆ ಪ್ರಕಟಣಪೂರ್ವ ರಿಯಾಯಿತಿ ಸಾರುತ್ತಾರೆ. ಯುಪಿಐ ಮೂಲಕ ಹಣ ಕಳಿಸಿದರೆ ಪುಸ್ತಕ ಮನೆಗೇ ಬರುತ್ತದೆ.